‘ಬರ್ತೀನಿ’ ಅಂದುಬಿಟ್ಟ ಕೋಚು

ನಾನು ಹೇಳುವುದು ಒಂದು, ಕೇಳಿದವರು ತಿಳಿದುಕೊಳ್ಳುವುದು ಇನ್ನೊಂದು, ನಡುವೆ ಒದ್ದಾಡುವವನು ನಾನೇ. ಇದು ನನ್ನ ಜಾತಕದಲ್ಲೇ ಬರೆದಿರಬೇಕು. ಸುಮ್ಮನಿದ್ದರೂ ಆಗುತ್ತದೆ, ಬಾಯಿ ಬಿಟ್ಟರಂತೂ ಆಗಿಯೇ ಆಗುತ್ತದೆ. ಹೋದ ಚಳಿಗಾಲದಲ್ಲಿ ನನ್ನ ಕೆಲಸದ ವಿಷಯದಲ್ಲಿ ಆದದ್ದನ್ನು ಹೇಳಬೇಕೆಂದರೆ ಹಳೆಯ ಎರಡು ಪ್ರಸಂಗ ಮೊದಲು ಹೇಳಬೇಕು. ಇಲ್ಲದಿದ್ದರೆ ನನ್ನನ್ನು ತಲೆಕೆಟ್ಟವನು ಅಂದುಕೊಳ್ಳುತ್ತೀರಿ. ಹೇಳಿದ ಮೇಲೂ ಅಂದುಕೊಂಡರೆ ನಾನೇನೂ ಜಗಳಕ್ಕೆ ಬರುವುದಿಲ್ಲ.

೧. ಕೋಚಿಂಗ್

ಹಗಲು ನಾನು ಈ ಚಳಿಯ ಪರದೇಶದಲ್ಲಿ, ಮಾರ್ಕಮ್‌ನ ಒಂದು ಆಫೀಸಿನಲ್ಲಿ ಕೂತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುತ್ತಿದ್ದೆ. ಸಂಜೆ ಒಂದು ಸಣ್ಣ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಕೋಚು. ಬೆಂಗಳೂರಿನ ಆಸ್ಟಿನ್ ಟೌನಿನ ಮಣ್ಣಿನಲ್ಲಿ ಮಂಡಿ ತರಚಿಸಿಕೊಂಡು ಕಲಿತ ಆಟ ಅದು. ಇಲ್ಲಿಯವರು ಅದಕ್ಕೆ ಸಾಕರ್ ಅನ್ನುತ್ತಾರೆ. ನಾನು ಅನ್ನುವುದಿಲ್ಲ.

ಒಂದು ಭಾನುವಾರ ನಮ್ಮ ಕನ್ನಡ ಬಳಗದ ಗಂಡ ಹೆಂಡತಿ ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಕೈಯಲ್ಲಿ ಕೋಡುಬಳೆ ಡಬ್ಬಿ.

“ಸಾರ್, ನೀವು ಕಾಲೇಜಲ್ಲಿ ಕೋಚಿಂಗ್ ಕೊಡ್ತೀರಂತೆ. ನಮ್ಮ ಹುಡುಗಿ ಸ್ವಲ್ಪ ವೀಕು” ಅಂದರು ಆತ.

“ಎಲ್ಲಿ ವೀಕು? ಎಡಗಾಲಾ?” ಅಂದೆ. ಬಹಳ ಜನಕ್ಕೆ ಅಲ್ಲೇ ತೊಂದರೆ.

ಆತ ಹೆಂಡತಿಯ ಮುಖ ನೋಡಿದರು. “ಕೆಮಿಸ್ಟ್ರಿಲಿ, ಸಾರ್.”

ನಾನು ಕೊಡುವುದು ಫುಟ್‌ಬಾಲ್ ಕೋಚಿಂಗ್ ಎಂದು ಬಿಡಿಸಿ ಹೇಳಿದೆ. ಕಾಫಿ ಕುಡಿದರು, ಹವಾಮಾನ ಮಾತಾಡಿದರು, ಎದ್ದರು. ಹೊರಡುವಾಗ ಆಕೆ ಟೀಪಾಯಿ ಮೇಲಿದ್ದ ಕೋಡುಬಳೆ ಡಬ್ಬಿಯನ್ನೂ ಎತ್ತಿಕೊಂಡು ಹೋದರು.

೨. ನಲವತ್ತು ನಿಮಿಷ

ತಂಡಕ್ಕೆ ಸೇರಿದ ಮೊದಲ ದಿನದ ಮಾತು. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಪ್ರಾಕ್ಟೀಸ್ ಮುಗಿಸಿ ಮನೆಗೆ ಹೊರಟೆ. ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಅನ್ನುವ ಹಾಗಿಲ್ಲವಲ್ಲ. ಚಿಕ್ಕವನಿದ್ದಾಗ ಹಾಗೆ ಅಂದು ಅಮ್ಮನ ಕೈಯಲ್ಲಿ ತಲೆಗೆ ಮೊಟಕಿಸಿಕೊಂಡವನು ನಾನು. ಅದೇ ರೂಢಿಯಲ್ಲಿ ಹುಡುಗಿಯರಿಗೆ “ಓಕೆ, ಐ ವಿಲ್ ಕಮ್” ಅಂದು ಕಾರು ಹತ್ತಿ ಪಿಕರಿಂಗ್‌ನ ಮನೆಗೆ ಬಂದೆ.

ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದೆ, ಫೋನು ಬಂತು. ಗೋಲ್‌ಕೀಪರ್ ಹುಡುಗಿ. ನನಗಿಂತ ಒಂದು ಗೇಣು ಎತ್ತರ, ಮಾತು ಮಾತ್ರ ಮೆಲ್ಲಗೆ.

“ಕೋಚ್, ನೀವು ಬರ್ತೀನಿ ಅಂದಿರಿ. ನಾವು ಹದಿನೆಂಟು ಜನ ಪಾರ್ಕಿಂಗ್ ಲಾಟಲ್ಲಿ ನಿಂತಿದ್ದೀವಿ. ನಲವತ್ತು ನಿಮಿಷ ಆಯ್ತು.”

ಮರುದಿನ ಎಲ್ಲರಿಗೂ ಬಿಸಿ ಚಾಕೊಲೇಟ್ ಕೊಡಿಸಿ ಕ್ಷಮೆ ಕೇಳಿದೆ. ನಮ್ಮ ಭಾಷೆಯಲ್ಲಿ ಹೋಗುವವರು ‘ಬರ್ತೀನಿ’ ಅನ್ನುತ್ತಾರೆ, ಅದರರ್ಥ ತಿರುಗಿ ಬರುತ್ತೇನೆ ಅಂತ, ಎಂದು ವಿವರಿಸಿದೆ. ಗೋಲ್‌ಕೀಪರ್ ಯೋಚನೆ ಮಾಡಿ, “ಹಾಗಾದರೆ ಬರುವವರು ಏನನ್ನುತ್ತಾರೆ?” ಅಂತ ಕೇಳಿದಳು. ಅವಳ ಕೈಗೆ ಇನ್ನೊಂದು ಕಪ್ ಚಾಕೊಲೇಟ್ ಕೊಟ್ಟೆ.

ಅವತ್ತಿನಿಂದ ಇಡೀ ತಂಡ ಮನೆಗೆ ಹೊರಡುವಾಗ ಕನ್ನಡದಲ್ಲೇ “ಬರ್ತೀನಿ, ಕೋಚ್” ಅನ್ನುವುದಕ್ಕೆ ಶುರುಮಾಡಿತು. ನನಗೋ ಖುಷಿಯೋ ಖುಷಿ. ಒಬ್ಬಳು ತಂಡ ಬಿಡುವ ದಿನವೂ ಅಷ್ಟನ್ನೇ ಹೇಳಿ ಹೋದಳು. ಅವಳ ಜೆರ್ಸಿ ತೊಳೆದಿಟ್ಟುಕೊಂಡು ಒಂದು ತಿಂಗಳು ಕಾದೆ.

೩. ನೀವೇ ಡಿಸೈಡ್ ಮಾಡಿ

ಇನ್ನು ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನಮ್ಮ ಸಣ್ಣ ಕಾಲೇಜು ಮೊದಲ ಸಲ ಪ್ರಾಂತ್ಯದ ಸೆಮಿಫೈನಲ್ ಮುಟ್ಟಿತು. ಸೋತೆವು, ಆದರೆ ಪೆನಾಲ್ಟಿಯಲ್ಲಿ. ಅದನ್ನು ನೋಡಿದ ಯಾರೋ ಯಾರಿಗೋ ಹೇಳಿ, ಇದೇ ದೇಶದ ಪಶ್ಚಿಮದ ಒಂದು ದೊಡ್ಡ ವಿಶ್ವವಿದ್ಯಾಲಯದಿಂದ ಒಂದು ಶುಕ್ರವಾರ ಫೋನು ಬಂತು. ಇಲ್ಲಿಂದ ವಿಮಾನದಲ್ಲಿ ನಾಲ್ಕು ಗಂಟೆಯ ದಾರಿ. ಅಲ್ಲಿಯ ಕ್ರೀಡಾ ವಿಭಾಗದ ಡೈರೆಕ್ಟರು ಮುಖ್ಯ ಕೋಚಿನ ಕೆಲಸ ಕೊಡುತ್ತೇವೆ ಅಂದರು. ಪೂರ್ತಿ ಕೆಲಸ, ಸಂಜೆಯದಲ್ಲ. ಹಗಲು ಹೊತ್ತಿನಲ್ಲಿ ಫುಟ್‌ಬಾಲ್! ಇದಕ್ಕಾಗಿ ನಾನು ಇಪ್ಪತ್ತು ವರ್ಷ ಕಾದಿದ್ದೆ. ಮುಂದಿನ ಶುಕ್ರವಾರ ಇಲ್ಲಿಯ ಗಡಿಯಾರದಲ್ಲಿ ಸಂಜೆ ಐದರೊಳಗೆ ಉತ್ತರ ಬೇಕು, ಐದಕ್ಕೆ ಪ್ರಕಟಿಸುತ್ತೇವೆ ಅಂದರು.

ನನ್ನ ಹೆಂಡತಿ ಪಿಕರಿಂಗ್‌ನ ಅಣು ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್. ಅದನ್ನು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಮಗಳು ಹನ್ನೊಂದನೇ ಕ್ಲಾಸು. ಹೋದರೆ ನಾನೊಬ್ಬನೇ ಹೋಗಬೇಕು.

“ನೀವೇ ಡಿಸೈಡ್ ಮಾಡಿ” ಅಂದಳು ಹೆಂಡತಿ.

ಮದುವೆಯಾದವರಿಗೆ ಈ ಮಾತಿನ ತೂಕ ಗೊತ್ತು. ಅಡುಗೆಮನೆಯಲ್ಲಿ ನಿಂತು ಬೀನ್ಸ್ ಹೆಚ್ಚುತ್ತಿದ್ದಳು. ಸಿಟ್ಟು ಬಂದಷ್ಟೂ ಚೂರು ಸಣ್ಣದಾಗುತ್ತದೆ ಅವಳದು. ಸೋಮವಾರದ ಹೊತ್ತಿಗೆ ನಮ್ಮ ಮನೆಯ ಬೀನ್ಸ್ ಪಲ್ಯವನ್ನು ಲೋಟದಲ್ಲಿ ಕುಡಿಯಬಹುದಿತ್ತು.

ಮಗಳಾದರೂ ಬೇಡ ಅನ್ನಲಿ ಎಂದು ಅವಳ ಕೋಣೆಗೆ ಹೋದೆ. ಮುಖ ಸಪ್ಪಗೆ ಮಾಡಿಕೊಂಡು, “ಅಪ್ಪಾ, ಆರ್ ಯೂ ರಿಯಲಿ ಗೋಯಿಂಗ್?” ಅಂದಳು. ಹತ್ತಿರ ಕೂತು ತಲೆ ಸವರಿದೆ.

“ಸೋ, ಕ್ಯಾನ್ ಐ ಹ್ಯಾವ್ ದ ಕಾರ್?”

೪. ಪೇಶಂಟಿಗೆ ವೋಟಿಲ್ಲ

ನಡುವಿನ ಭಾನುವಾರ ಪೋರ್ಟ್ ಕ್ರೆಡಿಟ್‌ಗೆ ಹೋಗಿದ್ದೆ. ಅಲ್ಲಿ ಸರೋವರದ ದಂಡೆಯ ಮೇಲೆ ನಮ್ಮ ಹಿರಿಯರ ವಾಕಿಂಗ್ ಗುಂಪಿದೆ. ನಲವತ್ತು ವರ್ಷದ ಹಿಂದೆ ಬಂದು ಈಗ ರಿಟೈರಾದವರು. ಅವರ ಮುಖಂಡರು ಧಾರವಾಡದ ಡಾಕ್ಟರು. ನನ್ನ ಸಂಕಟ ಹೇಳಿಕೊಂಡೆ.

“ತಮ್ಮಾ, ಆ ಊರಾಗ ನಾ ಹತ್ತು ವರ್ಷ ಇದ್ದೆ” ಅಂದರು ಡಾಕ್ಟರು. “ಏನ್ ಥಂಡಿ ಅಂತೀ! ಮೂಗಿನ್ಯಾಗಿನ ಕೂದಲಾ ಸೂಜಿ ಆಗ್ತಿದ್ದುವು. ಮಾತಾಡಾಕ ಒಬ್ಬ ಕನ್ನಡದಾಂವ ಇದ್ದಿಲ್ಲ.”

“ಹಾಗಾದ್ರೆ ಹೋಗೋದು ಬೇಡ ಅಂತೀರಾ, ಡಾಕ್ಟ್ರೇ?”

“ಹೋಗು ಅಂತೀನಿ. ನಾ ಅನುಭವಿಸಿಲ್ಲೇನು? ನೀನೂ ಅನುಭವಿಸು.”

ಅಲ್ಲೇ ಗಾಳಿಯಲ್ಲಿ ನಿಂತು ಮತಕ್ಕೆ ಹಾಕಿಬಿಟ್ಟರು. ಹೋಗಲಿ ಅನ್ನುವವರು ಕೈ ಎತ್ತಿ ಅಂದಾಗ ಗುಂಪಿನ ಏಳೂ ಜನ ಎತ್ತಿದರು. ನನ್ನನ್ನು ಸಾಗಹಾಕುವುದಕ್ಕೆ ಇಷ್ಟೊಂದು ಉತ್ಸಾಹವೇ ಎಂದು ನಿಜಕ್ಕೂ ನೋವಾಯಿತು. ಬೇಡ ಅನ್ನುವವರು ಅಂದಾಗ ನಾನೊಬ್ಬನೇ ಮೆಲ್ಲಗೆ ಕೈ ಎತ್ತಿದೆ.

ಡಾಕ್ಟರು ಕನ್ನಡಕ ಸರಿಮಾಡಿಕೊಂಡು ನೋಡಿದರು. “ಕೈ ಇಳಸು ತಮ್ಮಾ. ಪೇಶಂಟಿಗೆ ವೋಟಿಲ್ಲ.”

೫. ಯಾರ ಬಲ?

ಬುಧವಾರ ಬೆಳಿಗ್ಗೆ ಮೈಸೂರಿನಿಂದ ಅತ್ತೆಯವರ ವಿಡಿಯೋ ಕಾಲ್. “ನೀವಿಬ್ಬರೂ ಒದ್ದಾಡಬೇಡಿ. ದೇವರನ್ನೇ ಕೇಳೋಣ” ಅಂದರು. ದೇವರ ತಲೆಯ ಮೇಲೆ ಹೂವಿಟ್ಟು ಫೋನನ್ನು ಎದುರಿಗೆ ನಿಲ್ಲಿಸಿದರು. ಹೂವು ಬಲಕ್ಕೆ ಬಿದ್ದರೆ ಹೋಗುವುದು, ಎಡಕ್ಕೆ ಬಿದ್ದರೆ ಇರುವುದು.

ಹತ್ತು ನಿಮಿಷವಾಯಿತು. ಹೂವು ಅಲುಗಲಿಲ್ಲ. ಹೆಂಡತಿಗೆ ಶಿಫ್ಟಿಗೆ ಹೊತ್ತಾಗುತ್ತಿತ್ತು, ನನಗೆ ಮೀಟಿಂಗು. ಮಗಳು ಟೋಸ್ಟ್ ಹಿಡಿದುಕೊಂಡು ನಿಂತಿದ್ದಳು. ಸೆಮಿಫೈನಲ್ ಪೆನಾಲ್ಟಿಯಲ್ಲೂ ನಾನು ಹಾಗೆ ಉಸಿರು ಬಿಗಿಹಿಡಿದಿರಲಿಲ್ಲ. ಕೊನೆಗೆ ಜಾರಿತು.

“ಬಲ! ಬಲ! ಹೋಗಬೇಕು ಅಂತ ಅಪ್ಪಣೆಯಾಯ್ತು!” ಅಂದರು ಅತ್ತೆ.

“ಅಮ್ಮಾ, ಎಡಕ್ಕೆ ಬಿತ್ತು. ನಾನೇ ಕಣ್ಣಾರೆ ನೋಡಿದೆ” ಅಂದಳು ಹೆಂಡತಿ.

“ಅದು ನಿನ್ನ ಎಡ ಕಣೇ. ದೇವರಿಗೆ ಅದು ಬಲ.”

“ಅಮ್ಮಾ, ಮನೆ ಬಿಟ್ಟು ಹೋಗ್ತಿರೋದು ನನ್ನ ಗಂಡ, ದೇವರ ಗಂಡ ಅಲ್ಲ. ನನ್ನ ಎಡಾನೇ ಲೆಕ್ಕ!”

ನಮ್ಮ ಮದುವೆಯಾದ ಹದಿನೆಂಟು ವರ್ಷದಲ್ಲಿ ಮೊದಲ ಸಲ ತಾಯಿ ಮಗಳ ನಡುವೆ ದನಿ ಏರಿತು. ನಾನು ಟೈ ಇಲ್ಲದ ಕತ್ತನ್ನು ಸಡಿಲ ಮಾಡಿಕೊಂಡೆ. ಮಗಳು ಟೋಸ್ಟ್ ನುಂಗಿ, ಶಾಂತವಾಗಿ ಕೇಳಿದಳು: “ವೇಯ್ಟ್, ಸೋ ಈಸ್ ಗಾಡ್ ಆಫ್‌ಸೈಡ್?”

೬. ಶುಕ್ರವಾರ, ನಾಲ್ಕೂವರೆ

ಗುರುವಾರವೇ ನಾನು ತೀರ್ಮಾನ ಮಾಡಿದೆ: ಹೋಗುವುದಿಲ್ಲ. ಹೆಂಡತಿಗಾಗಿ, ಮಗಳಿಗಾಗಿ, ತಂಡಕ್ಕಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ದೊಡ್ಡ ತ್ಯಾಗ ಮಾಡಿದವನ ಮುಖ ಮಾಡಿಕೊಂಡು ಓಡಾಡಿದೆ. ನಿಜ ಹೇಳಬೇಕೆಂದರೆ ಭಯವಾಗಿತ್ತು. ಅಷ್ಟು ದೊಡ್ಡ ಕಡೆ ಹೋಗಿ ಸೋತರೆ?

ಶುಕ್ರವಾರ ಪ್ರಾಕ್ಟೀಸಿಗೆ ಮುಂಚೆ ಕಾಲೇಜಿನ ಒಳಾಂಗಣ ಮೈದಾನದ ಹೊರಗೆ ಕಾರಿನಲ್ಲಿ ಕೂತೆ. ಹೆಂಡತಿ ಅರ್ಧ ದಿನ ರಜೆ ಹಾಕಿ ಪಕ್ಕದಲ್ಲಿ ಬಂದು ಕೂತಿದ್ದಳು. ನಾಲ್ಕೂವರೆಗೆ ಫೋನ್ ಮಾಡಿದೆ, ಸ್ಪೀಕರಿನಲ್ಲಿ.

“ಸಾರ್, ನೀವು ಕರೆದದ್ದು ದೊಡ್ಡ ಗೌರವ. ಆದರೆ ಮನೆಯಿದೆ, ಮಗಳಿದ್ದಾಳೆ, ತಂಡವಿದೆ. ಬಹಳ ಕಷ್ಟ, ಸಾರ್” ಅಂದೆ, ಇಂಗ್ಲಿಷಿನಲ್ಲಿ.

ಕನ್ನಡದವರ ನಡುವೆ ಇದಕ್ಕಿಂತ ಖಡಾಖಂಡಿತ ‘ಇಲ್ಲ’ ಬೇರೆ ಇಲ್ಲ. ಕಷ್ಟ ಅಂದರೆ ಮುಗಿಯಿತು, ಬಾಗಿಲು ಹಾಕಿದ ಹಾಗೆ. ಡೈರೆಕ್ಟರು ಮೃದುವಾಗಿ, “ಕಷ್ಟವೇ. ನನಗೆ ಅರ್ಥವಾಗುತ್ತದೆ” ಅಂದರು. ಪುಣ್ಯಾತ್ಮನಿಗೆ ಅರ್ಥವಾಯಿತಲ್ಲ ಎಂದು ನಿಟ್ಟುಸಿರುಬಿಟ್ಟೆ. ಇನ್ನು ಮರ್ಯಾದೆಯಿಂದ ಫೋನಿಡುವುದಷ್ಟೇ ಬಾಕಿ.

“ಥ್ಯಾಂಕ್ಯೂ, ಸಾರ್. ಓಕೆ ದೆನ್, ಐ ವಿಲ್ ಕಮ್.”

ಆ ಕಡೆಯಿಂದ ಮೇಜು ಗುದ್ದಿದ ಸದ್ದು ಬಂತು. “ಫ್ಯಾಂಟಾಸ್ಟಿಕ್! ಯೂ ವೋಂಟ್ ರಿಗ್ರೆಟ್ ಇಟ್!” ಫೋನು ಕಟ್.

ನಾನು ಹೆಂಡತಿಯ ಮುಖ ನೋಡಿದೆ, ಹೆಂಡತಿ ನನ್ನ ಮುಖ ನೋಡಿದಳು. ಗಂಟೆ ನಾಲ್ಕೂ ನಲವತ್ತು. ಐದಕ್ಕೆ ಪ್ರಕಟಣೆ. ಬೆವರುತ್ತ ಮತ್ತೆ ಫೋನ್ ಮಾಡಿದೆ, ಎಂಗೇಜು. ಪುನಃ ಮಾಡಿದೆ, ಎಂಗೇಜು. ನಾನು ಬರುತ್ತೇನೆ ಎಂದು ಅವರು ಊರಿಗೆಲ್ಲ ಹೇಳುತ್ತಿದ್ದಿರಬೇಕು. ಮೂರನೆಯ ಸಲ ಒತ್ತುವಾಗ ಹೆಂಡತಿ ಫೋನಿನ ಮೇಲೆ ಕೈಯಿಟ್ಟಳು.

“ರೀ, ಒಂದ್ನಿಮಿಷ. ಬಾಯ್ತಪ್ಪಿ ಬಂತಾ, ಮನಸ್ಸಲ್ಲಿದ್ದದ್ದು ಬಂತಾ?”

ಇಪ್ಪತ್ತು ವರ್ಷ ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿದವನಿಗೆ ತನ್ನ ಒಂದು ವಾಕ್ಯದಲ್ಲಿ ತಪ್ಪು ಎಲ್ಲಿದೆ ಅಂತ ಸಿಗಲಿಲ್ಲ.

“ನಂಗೆ ಸಿಟ್ಟಿದೆ” ಅಂದಳು. “ಸಿಟ್ಟು ಇಟ್ಕೊಂಡೇ ಹೇಳ್ತೀನಿ, ಕೇಳಿ. ನನ್ನ ಹೆಸರು ಹೇಳ್ಕೊಂಡು ಇಲ್ಲೇ ಉಳಿದು, ಇನ್ನಿಪ್ಪತ್ತು ವರ್ಷ ಮುಖ ಊದಿಸ್ಕೊಂಡು ನನ್ನೆದುರು ಕೂತ್ಕೋಬೇಡಿ. ಮಗಳು ಸ್ಕೂಲ್ ಮುಗಿಸೋವರೆಗೂ ನಾನಿಲ್ಲಿರ್ತೀನಿ. ಆಮೇಲಿಂದು ಆಮೇಲೆ. ಹೋಗಿ ಬನ್ನಿ.”

ಕಣ್ಣು ತುಂಬಿ ಬಂತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಐದು ಗಂಟೆ ಆಯಿತು. ನಾವಿಬ್ಬರೂ ಫೋನು ಮುಟ್ಟಲಿಲ್ಲ.

ಒಳಗೆ ಹೋದೆ. ಹುಡುಗಿಯರು ಬೂಟು ಕಟ್ಟಿಕೊಳ್ಳುತ್ತಿದ್ದರು. ಮೊದಲ ದಿನ ಪಾರ್ಕಿಂಗ್ ಲಾಟಿನಲ್ಲಿ ನಿಂತಿದ್ದವರಲ್ಲಿ ಗೋಲ್‌ಕೀಪರ್ ಒಬ್ಬಳೇ ಉಳಿದಿದ್ದಳು, ಕೊನೆಯ ವರ್ಷದಲ್ಲಿದ್ದಳು. ಕಾರಿನಿಂದ ಬಾಗಿಲಿಗೆ ಬರುವಷ್ಟರಲ್ಲಿ ದೊಡ್ಡ ಭಾಷಣ ಸಿದ್ಧಮಾಡಿಕೊಂಡಿದ್ದೆ. ಅವರ ಮುಖ ನೋಡಿದ ಮೇಲೆ ಒಂದು ಅಕ್ಷರವೂ ನೆನಪಾಗಲಿಲ್ಲ. ಒಂದೇ ಒಂದು ಮಾತು ಹೊರಬಿತ್ತು.

“ಬರ್ತೀನಿ.”

ಪ್ರಾಕ್ಟೀಸ್ ಇನ್ನೂ ಶುರುವೇ ಆಗಿರಲಿಲ್ಲ. ಆ ಮಾತಿಗೆ ಅರ್ಥ ಹೇಳುವ ಅಗತ್ಯ ಆ ತಂಡದಲ್ಲಿ ಯಾರಿಗೂ ಇರಲಿಲ್ಲ. ಯಾರದೋ ಕಾಲಿನಿಂದ ಚೆಂಡೊಂದು ಉರುಳಿ ಗೋಡೆಗೆ ತಾಗಿ ನಿಂತಿತು. ಗೋಲ್‌ಕೀಪರ್ ಎದ್ದು ಬಂದಳು. ಮೂಗು ಕೆಂಪಾಗಿತ್ತು. ಗ್ಲೌಸ್ ಬಿಚ್ಚಿ ನನ್ನ ಕೈ ಕುಲುಕಿ, ಎಂದಿನಂತೆ ಮೆಲ್ಲಗೆ ಕೇಳಿದಳು:

“ಈ ಸಲ ಎಷ್ಟು ನಿಮಿಷ ಕಾಯಬೇಕು, ಕೋಚ್?”