ಕಿಟಕಿಯಾಚೆಯ ಅಂಗಳ

ಅಂಗಳವೇ ಇಲ್ಲದ ಮನೆಯಲ್ಲಿ ಅಂಗಳ ಹುಟ್ಟಿಸಬಲ್ಲ ಗಂಡಸು ಸಾಗರ ಪೇಟೆಯಲ್ಲಿ ಯಾರಾದರೂ ಇದ್ದರೆ ಅದು ನಾನೊಬ್ಬನೇ ಎಂದು ಸಾವಿರದ ಒಂಬೈನೂರ ಅರವತ್ನಾಲ್ಕರ ಬೇಸಿಗೆಯಲ್ಲಿ ನನಗೆ ಖಾತ್ರಿಯಾಯಿತು!

ನಾವಿದ್ದದ್ದು ತಿಮ್ಮಣ್ಣನವರ ದಿನಸಿ ಅಂಗಡಿಯ ಮಹಡಿಯಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಮೇಳಿಗೆ ಹಳ್ಳಿಯ ದೊಡ್ಡ ಅಂಗಳದ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ಹೆಂಡತಿ ಯಮುನಾಳದು ಮದುವೆಯಾಗಿ ಬಂದಾಗಿನಿಂದ ಒಂದೇ ರಾಗ.

"ಒಂದು ಅಂಗಳ ಇಲ್ವಲ್ರೀ! ಹೊರಗೆ ಕೂತು ಉಸಿರು ಬಿಡೋಕೂ ಜಾಗ ಇಲ್ಲ."

ನಮ್ಮ ಸರಳಿಲ್ಲದ ಕಿಟಕಿಯ ಹೊರಗೆ, ಸೊಂಟದಷ್ಟು ತಗ್ಗಿನಲ್ಲಿ, ಅಂಗಡಿಯ ಜಗುಲಿಗೆ ಹೊದಿಸಿದ ಪುಟ್ಟ ಸಿಮೆಂಟಿನ ತಾರಸಿಯಿತ್ತು. ತಿಮ್ಮಣ್ಣನವರ ಒಪ್ಪಿಗೆ ಪಡೆದು ಗುಡಿಸಿದೆ, ಚಾಪೆ ಹಾಸಿದೆ, ತೂತು ಬಿದ್ದ ಬಕೆಟ್ಟಿನಲ್ಲಿ ಕನಕಾಂಬರ ನೆಟ್ಟೆ.

"ನೋಡು ಮಹಾರಾಣಿ, ನಿನ್ನ ಉದ್ಯಾನ!"

ಯಮುನಾ ಸೆರಗು ಸಿಕ್ಕಿಸಿಕೊಂಡು ಕಿಟಕಿಯಿಂದ ಇಳಿದಳು. ಇಕ್ಕೇರಿ ಕಡೆಯಿಂದ ಬೀಸಿದ ಗಾಳಿಗೆ ಮುಖವೊಡ್ಡಿ ನಕ್ಕಳು. ಈ ಮನೆಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. ನಾನು ಕಚೇರಿಯಲ್ಲೂ ಕೊಚ್ಚಿಕೊಂಡೆ!

ನನ್ನ ಬಡ್ತಿಗೆ ಶಿಫಾರಸು ಮಾಡಬೇಕಾಗಿದ್ದ ಹೆಡ್ ಗುಮಾಸ್ತ ಉಮಾಮಹೇಶ್ವರಯ್ಯನವರು, ನೋಡಲು ಭತ್ತದ ಕಣಜದಂಥವರು, ಭಾನುವಾರ ಸಂಜೆ ಬಂದೇಬಿಟ್ಟರು. ಇಳಿಯುವುದೇನೋ ಸಲೀಸಾಯಿತು. ಅವರ ಭಾರವೇ ಅವರನ್ನು ಇಳಿಸಿತು. ಕಾಫಿ ಕುಡಿದರು, ಕೋಡುಬಳೆ ಮುಗಿಸಿದರು, ಗಾಳಿಯನ್ನು ಹೊಗಳಿದರು. ಆಮೇಲೆ ಹೊರಡಲು ಎದ್ದರು.

ಹತ್ತುವುದು ಹೇಗೆ?

ಹಿಂದಿನಿಂದ ನಾನು ನೂಕಿದೆ. ಅರ್ಧ ಒಳಗೆ ಹೋದರು. ಉಳಿದರ್ಧ ಹೋಗಲೊಲ್ಲದು! ಕೆಳಗೆ ಬೀದಿಯಲ್ಲಿ ಜನ ಸೇರಿತು.

"ಎಂತ ಮಾರಾಯ್ರೇ ಅದು? ಕಳ್ಳ ನುಗ್ತಿದ್ದಾನಾ?" ತಿಮ್ಮಣ್ಣ ಕೂಗಿದರು.

"ಕಳ್ಳ ಅಲ್ಲ, ನಮ್ಮ ಹೆಡ್ ಗುಮಾಸ್ತರು! ಉಮಾಮಹೇಶ್ವರಯ್ಯನೋರು!" ಎಂದು ನಾನೂ ಕೂಗಿದೆ. ಗುರುತು ಸಿಗದಿದ್ದವರಿಗೂ ಸಿಕ್ಕಿತು.

"ಹೆಸರು ಹೇಳ್ಬೇಡ್ರೀ!" ಎಂದು ಅವರ ಒಳಗಿನ ಅರ್ಧ ಗರ್ಜಿಸಿತು.

ಒಳಗೇ ಇದ್ದ ಯಮುನಾ ಕೊಬ್ಬರಿ ಎಣ್ಣೆ ತಂದು ಕಿಟಕಿಯ ಚೌಕಟ್ಟಿಗೆ ಸುರಿದಳು. ನಾನು ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ ನೂಕಿದೆ. ಧಡಾರ್! ಮನೆ ನಡುಗಿತು. ನನ್ನ ಬಡ್ತಿ ಜಾರಿಯಾಗುವ ಬದಲು ಜಾರಿಯೇ ಹೋಯಿತು ಎಂದುಕೊಂಡು, ಅಳುಕುತ್ತಾ ಒಳಗೆ ಹತ್ತಿದೆ.

ಉಮಾಮಹೇಶ್ವರಯ್ಯನವರು ಹೊಟ್ಟೆಯ ಎಣ್ಣೆ ಒರೆಸಿಕೊಂಡು ಗಂಭೀರವಾಗಿ ಹೇಳಿದರು: "ಭಾರೀ ಒಳ್ಳೆ ಗಾಳಿ ಕಣ್ರೀ. ನಮ್ಮನೇಲೂ ಅಂಗಳ ಇಲ್ಲ ನೋಡಿ. ಇನ್ಮೇಲೆ ಪ್ರತಿ ಭಾನುವಾರ ಬರ್ತೀನಿ. ಒಂದು ಮೆಟ್ಲು ಮಾಡ್ಸಿಡಿ."

ಅವರನ್ನು ಬೀಳ್ಕೊಟ್ಟು ಎದೆ ಉಬ್ಬಿಸಿಕೊಂಡು ಬಂದೆ. "ಕೇಳಿದ್ಯಾ ಯಮುನಾ? ನಿನ್ನ ಅಂಗಳಕ್ಕೆ ಎಂಥಾ ಮರ್ಯಾದೆ!"

ಅವಳು ನೆಲದ ಎಣ್ಣೆ ಒರೆಸುತ್ತಲೇ ಕೇಳಿದಳು. "ಮೇಳಿಗೇಲಿ ನಾನು ಅಂಗಳಕ್ಕೆ ಹೋಗಿ ಕೂರ್ತಿದ್ದದ್ದು ಯಾಕೆ, ಗೊತ್ತಾ?"

"ಯಾಕೆ?"

"ಮನೆಗೆ ಬಂದೋರಿಂದ ತಪ್ಪಿಸ್ಕೊಳ್ಳೋಕೆ ಕಣ್ರೀ!"