ಮೇಲ್ ನೋಡೂದು ಹನ್ನೊಂದಕ್ಕ, ನಾಕಕ್ಕ

ನಮ್ಮ ಆಫೀಸಿನ್ಯಾಗ ಒಂದು ದಿನ ಏನೂ ಆಗದ ಸುಮ್ಮ ಹೋತು ಅಂದ್ರ, ಅವತ್ತು ಕರೆಂಟ್ ಇರಲಿಲ್ಲ ಅಂತ ತಿಳಕೊಳ್ರಿ. ಕರೆಂಟ್ ಬಂತೋ, ಕಂಪ್ಯೂಟರ್ ಹತ್ತಿತೋ, ಮೇಲ್ ಬಿತ್ತೋ, ನನ್ನ ಹಣಿಬರ ಸುರುವಾತು.

ನಾ ದೇವದುರ್ಗದಾಗ ಒಂದು ಸರಕಾರಿ ಆಫೀಸಿನ ಕ್ಲರ್ಕ್. ಮನಿ ರಾಯಚೂರಾಗ. ಮಗಳು ಒಂದನೇ ಇಯತ್ತೆ. ನಾ ಬಸ್ಸಿಗೆ ಹೊಂಟಾಗೂ ಮಲಗಿರ್ತಾಳ, ತಿರುಗಿ ಬಂದಾಗೂ ಮಲಗಿರ್ತಾಳ. ಎದ್ದಾಗ ನನ್ನ ಮಗಳು ಹೆಂಗ ಇರ್ತಾಳ ಅಂತ ರಜಾ ಇರೂ ಐತಾರ ಅಷ್ಟ ಗೊತ್ತಾಗ್ತದ ನನಗ. ಅದಕ್ಕ ರಾಯಚೂರಿಗೆ ವರ್ಗ ಕೇಳಿ ಅರ್ಜಿ ಹಾಕೀನಿ. ಅಲ್ಲಿ ಖಾಲಿ ಇರೂದು ಒಂದೇ ಕುರ್ಚಿ. ಅದು ಸಿಗೂ ತನಕ ಸಂಜಿ ಬಸ್ಸರ ತಪ್ಪಬಾರದು ಅಂತ ನನ್ನ ಒದ್ದಾಟ. ಆದ್ರ ಈ ಮೇಲ್ ಬಿಡಬೇಕಲ್ಲ! ಒಂದಕ್ಕ ಉತ್ತರ ಬರಿಯೂದ್ರಾಗ ಮತ್ತ ಮೂರು ಬಿದ್ದಿರ್ತಾವ. ಹೈರಾಣಾಗಿ ಹೋಗೀನಿ.

೧. ಚೀಟಿ

ಹಿಂಗಿರೂವಾಗ ರಾಯಚೂರಾಗ ಒಂದು ತರಬೇತಿ ಕೊಟ್ರು. ಬೆಂಗಳೂರಿಂದ ಬಂದಿದ್ದ ಸರ್ ಹೇಳಿದ್ರು: "ಮೇಲ್ ನಿಮ್ಮನ್ನು ಆಳಬಾರದು, ನೀವು ಮೇಲನ್ನು ಆಳಬೇಕು. ದಿನಕ್ಕೆ ಎರಡೇ ಸಲ ನೋಡಿ. ಉಳಿದ ಹೊತ್ತು ನಿಮ್ಮ ಕೆಲಸ ಮಾಡಿ." ಹೇಳೂದು ಮುಗಿಯೂದ್ರಾಗ ಅವ್ರ ಫೋನ್ ಎರಡು ಸಲ ಟಿಣ್ ಅಂತು, ಎರಡು ಸಲನೂ ನೋಡಿದ್ರು. ಆದ್ರೂ ಮಾತು ನನ್ನ ಎದಿಗೆ ನಾಟಿತು.

ಮರುದಿನ ದೊಡ್ಡ ಅಕ್ಷರದಾಗ ಬರದು ಗ್ವಾಡಿಗೆ ಅಂಟಿಸಿದೆ: "ಮೇಲ್ ನೋಡುವ ಸಮಯ: ಮುಂಜಾನೆ ೧೧, ಸಂಜೆ ೪."

ನಮ್ಮ ತಾಲೂಕಿನ ಜಾಲಹಳ್ಳಿ ಕಡೆಯ ಒಬ್ಬ ಅಜ್ಜ ಮುಂಜಾನೇ ತನ್ನ ಕೆಲಸ ಮುಗಿಸ್ಕೊಂಡ. ಮಧ್ಯಾಹ್ನ ಆದ್ರೂ ಬೆಂಚಿನ ಮ್ಯಾಲೇ ಕುಂತಾನ.

"ಯಪ್ಪಾ, ಇನ್ನೂ ಏನರ ಕೆಲಸ ಅದ ಏನು?"

"ಇಲ್ಲವ್ವ. ನಾಕಕ್ಕ ನೋಡೂದು ಅಂತ ಬರದದಲ್ಲ. ಸರಕಾರದವರು ಟೈಮ್ ಹಾಕಿ ತೋರಸ್ತಾರ ಅಂದ್ರ ಏನರ ಚೊಲೋದೇ ಇರಬೇಕು. ನೋಡೇ ಹೋಗ್ತೀನಿ."

ತಿಳಿಸಿ ಹೇಳಿದೆ, ಏಳಲಿಲ್ಲ. ನಾಕಕ್ಕ ಬಂದು, ಚಸ್ಮಾ ಹಾಕ್ಕೊಂಡು ನನ್ನ ಬೆನ್ನ ಹಿಂದ ನಿಂತ. ನಾ ಓದಿ ಹೇಳಿದೆ: ತುರ್ತು, ಅತಿ ತುರ್ತು, ನೆನಪೋಲೆ, ಎರಡನೇ ನೆನಪೋಲೆ.

"ಇದನ್ನ ದಿನಾ ನೋಡ್ತೀ?"

"ಹೂಂ ಯಪ್ಪಾ. ಎರಡು ಸಲ."

ಅಜ್ಜ ಚೀಲದಾಗ ಕೈ ಹಾಕಿ ಒಂದು ಹಿಡಿ ಹುರಿದ ಶೇಂಗಾ ತಗದು ನನ್ನ ಟೇಬಲ್ ಮ್ಯಾಲ ಹಾಕಿದ. "ತಿನ್ನವ್ವ. ಭಾಳ ಸೊರಗೀದಿ."

೨. ಬಂತೇನ್ರಿ?

ನಮಗ ಮೇಲ್ ಕಳಸೂದು ರಾಯಚೂರು ಜಿಲ್ಲಾ ಆಫೀಸಿನ ಒಬ್ಬ ಅಣ್ಣಾರು. ಭಾಳ ಒಳ್ಳೆ ಮನಷ್ಯಾ, ಅದೇ ತ್ರಾಸು. ಮೇಲ್ ಕಳಿಸಿದ ಕೂಡಲೇ ಫೋನು: "ಮೇಡಂ, ಮೇಲ್ ಹಾಕೀನಿ ನೋಡ್ರಿ." ಆಮ್ಯಾಲ ಆ ಮೇಲಿನ ಫೋಟೋ ತಗದು ವಾಟ್ಸಾಪಿಗೆ ಹಾಕ್ತಾರ. ಮತ್ತ ಫೋನು: "ವಾಟ್ಸಾಪ್ ನೋಡಿದ್ರಿ?" ಕೊನಿಗೆ: "ಮೇಲ್ ಮುಟ್ಟ್ಯದ ಅಂತ ಒಂದು ಮೇಲ್ ಹಾಕಿಬಿಡ್ರಿ."

ಒಂದಿನ ತಡೀಲಾರದ ಅಂದೆ, "ಅಣ್ಣಾರ, ಕೈ ಮುಗೀತೀನಿ. ಹನ್ನೊಂದಕ್ಕ, ನಾಕಕ್ಕ ನಾನೇ ನೋಡ್ತೀನಿ. ಫೋನ್ ಮಾಡಬ್ಯಾಡ್ರಿ."

"ಅವಸರದ್ದು ಇದ್ರ?"

"ಇದ್ರೂ ಬ್ಯಾಡ್ರಿ. ನಿಮ್ಮಲ್ಲಿಂದ ಅವಸರ ಇಲ್ಲದ್ದು ಯಾವುದರ ಬಂದದೇನ್ರಿ ಇಲ್ಲಿ ತನಕ?"

ಪಾಪ, ಆತ್ರಿ ಅಂದು ಫೋನ್ ಇಟ್ರು. ನನಗೂ ಕೆಟ್ಟ ಅನಿಸ್ತು. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಮೇಡಂ, ಇನ್ನ ಮ್ಯಾಲ ಫೋನ್ ಮಾಡಂಗಿಲ್ಲ ಅಂತ ನಿಮಗ ಒಂದು ಮೇಲ್ ಹಾಕೀನಿ. ಬಂತೇನ್ರಿ?"

೩. ಚರ್ಚಿಸಿ

ನಮ್ಮ ಸಾಹೇಬ್ರು ಮೇಲನ್ನ ಪರದೆ ಮ್ಯಾಲ ಓದಂಗಿಲ್ಲ. ಎಲ್ಲಾ ಪ್ರಿಂಟ್ ತಗದು, ಕಡತದಾಗಿಟ್ಟು ಕಳಸಬೇಕು. ಅವ್ರು ಸಹಿ ಮಾಡಿ ವಾಪಸ್ ಕಳಸ್ತಾರ.

ಒಂದಿನ ಗಡಿಬಿಡ್ಯಾಗ ಒಂದು ಮೋಸದ ಮೇಲೂ ಪ್ರಿಂಟಾಗಿ ಹೋಗಿಬಿಡ್ತು. ಪರದೇಶದ ಯಾವಕಿಯೋ ವಿಧವಾ, ತನ್ನ ಆಸ್ತಿ ಎಲ್ಲಾ ನಮಗ ಕೊಡ್ತಾಳಂತ. ವಾಪಸ್ ಬಂದಾಗ ಅದರ ಮ್ಯಾಲ ಸಾಹೇಬ್ರ ಕೆಂಪು ಅಕ್ಷರ: "ಚರ್ಚಿಸಿ."

ಹೋದೆ. "ಸಾಹೇಬ್ರ, ಇದರಾಗ ಏನು ಚರ್ಚಾ ಮಾಡೂದ್ರಿ?"

"ಇಷ್ಟೆಲ್ಲಾ ನಮ್ಮ ಆಫೀಸಿಗೇ ಯಾಕ ಕೊಡ್ತಾರ ಅಂತ ಸ್ಪಷ್ಟೀಕರಣ ಕೇಳ್ರಿ. ಜಿಲ್ಲಾ ಆಫೀಸಿಗೂ ಒಂದು ಪ್ರತಿ ಹಾಕ್ರಿ."

ಬ್ಯಾಡ್ರಿ ಅಂದೆ, ಕೇಳಲಿಲ್ಲ. ಆಕಿಯ ಉತ್ತರ ಇವತ್ತಿನ ತನಕ ಬಂದಿಲ್ಲ. ಜಿಲ್ಲಾ ಆಫೀಸಿನದು ಮಾತ್ರ ಮರುದಿನಾನೇ ಬಂತು: "ಅತಿ ತುರ್ತು. ಸದರಿ ಆಸ್ತಿಯ ಬಗ್ಗೆ ಕೈಗೊಂಡ ಕ್ರಮದ ವರದಿ ಕಳಿಸಿ." ಅವತ್ತು ಸಂಜಿ ಬಸ್ ತಪ್ಪಿತು.

೪. ಮಾನ್ವಿಯ ಹಿರಿಯರು

ಲೆಕ್ಕ ಹೊಂದಿಸಾಕ ಅಂತ ಒಮ್ಮಿ ನಮ್ಮ ಮಾನ್ವಿ ಆಫೀಸಿಗೆ ಹೋಗಿದ್ದೆ. ಅಲ್ಲಿಯ ಕ್ಲರ್ಕ್ ಹಿರೇಕೊಟ್ನೆಕಲ್ಲಿನವರು, ವಯಸ್ಸಿನಾಗ ಹಿರಿಯರು. ಅವ್ರ ಕಂಪ್ಯೂಟರಿಗೆ ಒಂದು ಹಳೇ ಟವಲ್ ಹೊದಿಸಿತ್ತು. ಸರಿಸಿ ನೋಡಿದ್ರ, ದಸರಾಕ್ಕ ಪೂಜಾ ಮಾಡಿದ್ದ ವಿಭೂತಿ, ಕುಂಕುಮ ಹಂಗೇ ಅದಾವ.

"ಅಣ್ಣಾರ, ಮೇಲ್ ಯಾವಾಗ ನೋಡ್ತೀರಿ?"

"ನೋಡಂಗಿಲ್ರಿ."

"ಮತ್ತ ರಾಯಚೂರಿನ ಅಣ್ಣಾರು ಬಂತೇನ್ರಿ ಅಂತ ಫೋನ್ ಮಾಡ್ತಾರಲ್ಲ?"

"ಬಂತ್ರಿ ಅಂತೀನಿ. ಬಂದಿಲ್ಲ ಅಂದ್ರ ಮತ್ತ ಕಳಸ್ತಾರ. ಬಂದದ ಅಂದ್ರ ಸುಮ್ಮಾಗ್ತಾರ."

ನನಗ ತರಬೇತಿ ನೆನಪಾತು, ಉಪದೇಶ ಸುರು ಮಾಡಿದೆ. "ಹಂಗಲ್ರಿ. ದಿನಕ್ಕ ಎರಡು ಸಲ ನೋಡ್ರಿ, ಉಳಿದ ಹೊತ್ತು ಮೇಲಿನ ಸುದ್ದೀಗೇ ಹೋಗಬ್ಯಾಡ್ರಿ." ಹಿರಿಯರ ಮಾರಿ ಅರಳಿತು. ಚಾ ತರಿಸಿದ್ರು. ರಾಯಚೂರಿನ ಆ ಖಾಲಿ ಕುರ್ಚಿಗೆ ತಾವೂ ಅರ್ಜಿ ಹಾಕ್ಯಾರ ಅಂತ ಚಾ ಕುಡಿಯೂವಾಗ ಹೇಳಿದ್ರು. ಪ್ರತಿ ಸೋಮವಾರ ಜಿಲ್ಲಾ ಆಫೀಸಿಗೆ ಹೋಗಿ, ಆ ಮೇಲ್ ಕಳಸೂ ಅಣ್ಣಾರ ಬಾಜೂಕ ಕುಂತು ಬರ್ತಾರಂತ.

ಮೇಲ್ ತಗಿಯಾಕ ಬರಲಾರದವರಿಗೆ ರಾಯಚೂರು ಯಾರು ಕೊಡ್ತಾರ ಅಂತ ನಾ ನಿಶ್ಚಿಂತಿಲೆ ಊರಿಗೆ ಬಂದೆ.

೫. ಪೇಡೆ

ಅದೊಂದು ಸೋಮವಾರ. ಹನ್ನೊಂದಕ್ಕ ಮೇಲ್ ನೋಡಿದೆ, ಮುಚ್ಚಿದೆ. ಫೋನಿಲ್ಲ, ಗದ್ದಲಿಲ್ಲ. ಮನಸ್ಸಿಟ್ಟು ಕೆಲಸ ಮಾಡಿದೆ. ಹಿಂದಿನ ಬಾಕಿ ಸೈತ ಮುಗೀತು. ಇವತ್ತು ಬಸ್ ತಪ್ಪಂಗಿಲ್ಲ, ಮಗಳು ಮಲಗೂದ್ರಾಗ ಮನಿ ಮುಟ್ಟತೀನಿ ಅಂತ ಖುಷಿ.

ನಾಕಕ್ಕ ಮೇಲ್ ತಗದೆ. ಮಧ್ಯಾಹ್ನ ಬಿದ್ದದ: "ಅತಿ ತುರ್ತು. ರಾಯಚೂರಿನ ಖಾಲಿ ಹುದ್ದೆಗೆ ಒಪ್ಪಿಗೆ ಇದ್ದವರು ಇಂದು ಮೂರು ಗಂಟೆಯೊಳಗೆ ತಿಳಿಸತಕ್ಕದ್ದು."

ರಾಯಚೂರಿಗೆ ಫೋನ್ ಹಚ್ಚಿದೆ. "ಅಣ್ಣಾರ, ಒಂದು ಫೋನ್ ಮಾಡಬಾರದಾಗಿತ್ತೇನ್ರಿ!"

"ಅವಸರದ್ದಿದ್ರೂ ಬ್ಯಾಡ ಅಂದಿದ್ರಲ್ರಿ ಮೇಡಂ. ಎರಡು ಸಲ ಫೋನ್ ಕೈಯಾಗ ಹಿಡದೆ, ನಿಮ್ಮ ಮಾತು ನೆನಪಾತು, ಇಟ್ಟೆ."

"ಕುರ್ಚಿ ಯಾರಿಗಿ ಹೋತ್ರಿ?"

"ಮಾನ್ವಿಯವರಿಗ್ರಿ. ಇಲ್ಲೇ ನನ್ನ ಬಾಜೂಕ ಚಾ ಕುಡ್ಯಾಕತ್ತಿದ್ರು. ಒಪ್ಪಿಗಿ ಅದ ಏನ್ರಿ ಅಂದೆ, ಹೌದು ಅಂದ್ರು."

ಬಸ್ಸಿನ್ಯಾಗ ಸೆರಗು ಬಾಯಿಗಿಟ್ಕೊಂಡು ಅತ್ತೆ. ಮನಿ ಮುಟ್ಟಿದಾಗ ಮಗಳು ಎಚ್ಚರ ಇದ್ಲು. "ಯವ್ವಾ, ಇವತ್ತು ಐತಾರ ಏನು?" ಅಂದ್ಲು.

ಮುಂದಿನ ವಾರ ಮಾನ್ವಿ ಹಿರಿಯರು ಪೇಡೆ ಡಬ್ಬಿ ಹಿಡಕೊಂಡು ದೇವದುರ್ಗಕ್ಕೇ ಬಂದ್ರು. "ಎಲ್ಲಾ ನಿಮ್ಮ ಆಶೀರ್ವಾದ್ರಿ ಮೇಡಂ. ಮೇಲಿನ ಸುದ್ದೀಗೆ ಹೋಗಬ್ಯಾಡ್ರಿ ಅಂದ್ರಿ. ಹೋಗಲಿಲ್ಲ. ಕೆಲಸ ಆತು ನೋಡ್ರಿ." ಪೇಡೆ ತಗೊಂಡು ಟೇಬಲ್ ಮ್ಯಾಲ ಇಟ್ಟೆ.

ಅಷ್ಟೊತ್ತಿಗೆ ನಾಕಾತು. ಮೇಲ್ ತಗದೆ. ಮಾನ್ವಿ ಕುರ್ಚಿ ಖಾಲಿ ಆಗ್ಯದಲ್ಲ, ಅದರ ಹೆಚ್ಚುವರಿ ಪ್ರಭಾರ ನನಗಂತ. ಅಲ್ಲಿಯ ಬಾಕಿ ಮೇಲ್‌ಗಳಿಗೆಲ್ಲಾ ಈ ವಾರದಾಗ ಉತ್ತರ ಹೋಗಬೇಕಂತ. ಅತಿ ತುರ್ತು.

ಹಿರಿಯರು ಇನ್ನೂ ಎದುರಿಗೇ ಕುಂತಿದ್ರು. ಸಿಟ್ಟು ನುಂಗಿ ಕೇಳಿದೆ, "ಅಣ್ಣಾರ, ಮಾನ್ವಿ ಮೇಲಿನ ಪಾಸ್‌ವರ್ಡ್ ಅಷ್ಟರ ಹೇಳಿ ಹೋಗ್ರಿ."

ಅವ್ರು ಇನ್ನೊಂದು ಪೇಡೆ ನನ್ನ ಕೈಗಿಟ್ಟು ಅಂದ್ರು: "ನಾ ಮಾನ್ವಿಗೆ ಬಂದಾಗಲೇ ಅದನ್ನ ಅದೇ ಮೇಲಿಗೆ ಕಳಸ್ಯಾರಂತ್ರಿ ಮೇಡಂ. ಬಂತೇನ್ರಿ ಅಂತ ಫೋನೂ ಮಾಡಿದ್ರು. ಬಂತ್ರಿ ಅಂದೀನಿ."