ನಂಟಿಲ್ಲದ ಪ್ರಮಾಣಪತ್ರ

ಸೋಮವಾರ ಬೆಳಿಗ್ಗೆ ಪಕ್ಷದ ಸುತ್ತೋಲೆ ಹುಬ್ಬಳ್ಳಿಗೆ ಬಂತು. ರೌಡಿಗಳ ಜತೆ ನಂಟಿರುವವರಿಗೆ ಈ ಸಲ ಟಿಕೆಟ್ ಇಲ್ಲ. ನಂಟಿಲ್ಲ ಎಂದು ಅಭ್ಯರ್ಥಿ ತಾನೇ ಹೇಳಿಕೊಂಡರೆ ಸಾಲದು. ರೌಡಿಯೇ ಬರೆದುಕೊಡಬೇಕು. ಬರೆದುಕೊಡುವವನ ಹೆಸರು ಪೊಲೀಸರ ರೌಡಿ ಪಟ್ಟಿಯಲ್ಲಿ ಇರತಕ್ಕದ್ದು. ಗಡುವು, ಮಂಗಳವಾರ ಸಂಜೆ.

ಗಂಟಿಮನಿ ಮನೆತನದಲ್ಲಿ ಅಜ್ಜ ಮಂತ್ರಿಯಾಗಿದ್ದರು. ಅವರು ತೀರಿದ ಮೇಲೆ ಅಜ್ಜಿ ಈರವ್ವ ಮಂತ್ರಿಯಾದರು. ಮಗ ಮುರುಗೆಪ್ಪ ಈಗಿನ ಶಾಸಕರು. ಈ ಸಲ ಮೊಮ್ಮಗ ಅಮರೇಶ ನಿಲ್ಲಬೇಕು. ಅವನಿಗೆ ಬೇರೆ ಕೆಲಸ ಬರುವುದಿಲ್ಲ.

ಮನೆಯವರು ಗಾಬರಿಯಾಗಲಿಲ್ಲ. ರೌಡಿ ಶಿದ್ದಪ್ಪ ಅಡುಗೆಮನೆಯಲ್ಲೇ ಚಹಾ ಕುಡಿಯುತ್ತಿದ್ದ. ಮೂವತ್ತು ವರ್ಷದಿಂದ ಅಲ್ಲೇ ಕುಡಿಯುತ್ತಾನೆ.

“ಶಿದ್ದಾ, ನಿನಗೂ ನಮಗೂ ಏನೂ ಸಂಬಂಧ ಇಲ್ಲಂತ ಬರದ ಕೊಡೋ,” ಎಂದರು ಈರವ್ವ.

“ಕೊಡ್ತೇನಿ ತಗೋರಿ ಅವ್ವಾರ. ಪೆನ್ನ ದೇವರ ಮನ್ಯಾಗ ಇರಬೇಕು, ನಾನ ಇಟ್ಟೇನಿ.”

ಪತ್ರ ಠಾಣೆಗೆ ಹೋಯಿತು. ಇನ್ಸ್‌ಪೆಕ್ಟರ್ ವಿದ್ಯಾ ತಿರಸ್ಕರಿಸಿದರು. ಶಿದ್ದಪ್ಪನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಹೋದ ವರ್ಷ ಸನ್ನಡತೆಯ ಆಧಾರದ ಮೇಲೆ ತೆಗೆಯಲಾಗಿತ್ತು. ಶಿಫಾರಸು ಮಾಡಿದವರು ಮುರುಗೆಪ್ಪ.

“ಬ್ಯಾರೆ ರೌಡಿ ಕಡಿಂದ ತರ್ರಿ,” ಎಂದರು ವಿದ್ಯಾ.

“ಎಲ್ಲಾರ ಹೆಸರೂ ತಗಿಸೇವ್ರಿ ಮೇಡಂ,” ಎಂದರು ಮುರುಗೆಪ್ಪ.

ಅದು ನಿಜ. ಹಿಂದಿನ ರೌಡಿ ಪರೇಡ್ ದಿನ ಮೈದಾನದಲ್ಲಿ ಪೊಲೀಸರು ಮಾತ್ರ ಇದ್ದರು. ಶಾಸಕರು ಮುಖ್ಯ ಅತಿಥಿ.

“ಹಂಗಾರ ಶಿದ್ದಪ್ಪನ್ನ ಮತ್ತ ಸೇರಿಸ್ಕೋರಿ,” ಎಂದರು ಮುರುಗೆಪ್ಪ.

“ಸುಮ್ಮನ ಸೇರಸಾಕ ಬರೂದಿಲ್ರಿ. ಹೊಸಾ ಹೊಡದಾಟ ಬೇಕು. ಮಂದಿ ನೋಡಬೇಕು. ನನ್ನ ಕಣ್ಣಮುಂದ ಆದ್ರ ಇನ್ನೂ ಲಗೂ ಆಗ್ತದ.”

ಯಾರನ್ನು ಹೊಡೆಯುವುದು? ಅಮರೇಶನನ್ನೇ ಎಂದು ತೀರ್ಮಾನವಾಯಿತು. ಒಂದೇ ಏಟಿಗೆ ಶಿದ್ದಪ್ಪ ರೌಡಿಯಾಗುತ್ತಾನೆ. ನಂಟಿಲ್ಲ ಎಂಬುದೂ ಸಾಬೀತಾಗುತ್ತದೆ.

ಮಂಗಳವಾರ ಮಧ್ಯಾಹ್ನ ದುರ್ಗದಬೈಲಿನ ಗಿರ್ಮಿಟ್ ಅಂಗಡಿಯ ಮುಂದೆ ಪೊಲೀಸರು ಬ್ಯಾರಿಕೇಡ್ ಇಟ್ಟು ಜಾಗ ಬಿಡಿಸಿದರು. ಹಲ್ಲೆಗೆ ಸಾರ್ವಜನಿಕರು ಸಹಕರಿಸಬೇಕೆಂದು ಮೈಕಿನಲ್ಲಿ ಕೋರಲಾಯಿತು.

ಅಮರೇಶ ಬಂದವನೇ ಶಿದ್ದಪ್ಪನ ಕಾಲು ಮುಟ್ಟಿ ನಮಸ್ಕರಿಸಿದ. ಹಿರಿಯರನ್ನು ಕಂಡರೆ ಆ ಮನೆಯ ರೂಢಿ ಅದು.

“ಇದು ನಡ್ಯಂಗಿಲ್ರಿ. ಮೊದಲಿಂದ ಮಾಡ್ರಿ,” ಎಂದರು ವಿದ್ಯಾ.

ಶಿದ್ದಪ್ಪ ಕೈ ಎತ್ತಿದ. “ಹೊಡೀಲೇನ್ರಿ, ಸಣ್ಣ ಸಾವಕಾರ?”

“ಹೊಡೀರಿ ಕಾಕಾ.”

“ಏನ್ರೀ ಇದು, ಬೀಗರ ಮಾತಾಡಿದಂಗ! ಬೈಕೋತ ಹೊಡೀರಿ,” ಎಂದರು ವಿದ್ಯಾ.

ಶಿದ್ದಪ್ಪ ಹೊಡೆದ. ಸದ್ದೇ ಬರಲಿಲ್ಲ. ಕೂಡಲೇ ಅಮರೇಶನ ಗಲ್ಲ ಹಿಡಿದು, “ನೋವಾತೇನಪಾ?” ಎಂದು ಅತ್ತುಬಿಟ್ಟ. ಎತ್ತಿ ಆಡಿಸಿದ ಕೂಸು. ಅಳುವ ರೌಡಿಯ ಬಗ್ಗೆ ನಿಯಮಗಳಲ್ಲಿ ಏನೂ ಹೇಳಿರಲಿಲ್ಲ.

ಗಿರ್ಮಿಟ್ ಅಂಗಡಿಯ ಅಜರುದ್ದೀನ ಹೊರಗೆ ಬಂದ. “ಸಂಜೀತನಕ ಇದ ಏನ್ರಿ? ಗಿರಾಕಿ ಒಳಗ ಬರವಲ್ರು. ನಾ ಒಂದ ಬಿಗೀಲೇನು?”

“ನಿಮ್ಮ ಮ್ಯಾಲೆ ಒಂದೂ ಕೇಸಿಲ್ಲ. ಸುಮ್ಮನ ಒಳಗ ನಡೀರಿ,” ಎಂದರು ವಿದ್ಯಾ.

ಗಡುವು ಹತ್ತಿರವಾಯಿತು. ಅಮರೇಶ ಬೆವರಿದ. “ಹೊಡಿ ಕಾಕಾ, ಕೈ ಮುಗೀತೇನಿ,” ಎಂದ. ಕೈಯನ್ನೂ ಮುಗಿದ. ಶಿದ್ದಪ್ಪ ಇನ್ನೂ ಜೋರಾಗಿ ಅತ್ತ.

ಆಗ ಈರವ್ವ ಕಾರಿನಿಂದ ಇಳಿದರು. ಕೈಯಲ್ಲಿ ಊರುಗೋಲು.

“ಮನ್ಯಾಗ ರೊಟ್ಟಿ ಸೆಟಗೊಂಡ ಕುಂತಾವ. ಒಂದ ಏಟ ಹೊಡ್ಯಾಕ ಇಷ್ಟೊತ್ತೇನೋ, ಬಾಡ್ಯಾ?”

ಅದೇ ಕೋಲನ್ನು ಮೊಮ್ಮಗನ ನೆತ್ತಿಯ ಮೇಲೆ ಬಿಟ್ಟರು. ಸದ್ದು ಚೆನ್ನಾಗಿ ಬಂತು. ರಕ್ತವೂ ಬಂತು. ಜನ ಚಪ್ಪಾಳೆ ತಟ್ಟಿದರು.

ವಿದ್ಯಾ ಸ್ಥಳದಲ್ಲೇ ಕ್ರಮ ಕೈಗೊಂಡರು. ಈರವ್ವನವರ ಮೇಲೆ ಮಂತ್ರಿಯಾಗಿದ್ದ ಕಾಲದ ಕೇಸುಗಳು ಇದ್ದೇ ಇದ್ದವು. ಮಾಜಿ ಮಂತ್ರಿ ಈರವ್ವ ಗಂಟಿಮನಿ ಅವರ ಹೆಸರು ರೌಡಿ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿ ಬೇರೆ ಹೆಸರು ಇರಲಿಲ್ಲ.

ಕಾರಿನ ಬಾನೆಟ್ ಮೇಲೆ ಕಾಗದ ಇಟ್ಟು ಈರವ್ವ ಬರೆದರು: ‘ಅಮರೇಶ ಗಂಟಿಮನಿ ಎಂಬುವವರಿಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ.’

ಪಕ್ಷ ಅದನ್ನು ಅಂಗೀಕರಿಸಿತು. ಅಮರೇಶನಿಗೆ ಟಿಕೆಟ್ ಸಿಕ್ಕಿತು.